ಕರಿಬೇವಿನ ತೂಕ ಎಲ್ಲಿಂದ ಬಂತು?

ಮಗಳು ಈ ವರ್ಷ 5ನೇ ಕ್ಲಾಸು. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ 5ನೇ ಕ್ಲಾಸಿಗೆ, 8ನೇ ಕ್ಲಾಸಿಗೆ, ಆಮೇಲೆ ಹೈಸ್ಕೂಲಲ್ಲಿ ಒಂದು ಸಲ 'ಕ್ಯಾಸ್ಟ್' ಅಂತ ರಾಜ್ಯಮಟ್ಟದ ವಿಜ್ಞಾನ ಪರೀಕ್ಷೆ ಇರುತ್ತೆ. ವಿಷಯ ಗೊತ್ತಾಗಿದ್ದೇ ತಡ, ನಮ್ಮ ಕನ್ನಡ ಅಮ್ಮಂದಿರ ವಾಟ್ಸಾಪ್ ಗ್ರೂಪಲ್ಲಿ ಶುರು: ಯಾವ ವರ್ಕ್‌ಬುಕ್ ತಗೊಂಡ್ರಿ, ಯಾವ ಕೋಚಿಂಗು, ವಾರಕ್ಕೆ ಎಷ್ಟು ಗಂಟೆ?

ನಾನೇನು ಕಮ್ಮಿ ಇಲ್ಲ. ದ್ಯುತಿಸಂಶ್ಲೇಷಣೆಯಿಂದ ಹಿಡಿದು ಬಾಷ್ಪೀಭವನದವರೆಗೆ ನಲವತ್ತು ಕಾರ್ಡು ಬರೆದುಕೊಟ್ಟೆ, ಇಂಗ್ಲಿಷಲ್ಲಿ. ಮೂರೇ ದಿನಕ್ಕೆ ಬಾಯಿಪಾಠ. ಆಮೇಲೆ ಪುಕ್ಕಟೆ ಸಿಗುವ ಮಾದರಿ ಪರೀಕ್ಷೆಗೆ ಕೂರಿಸಿದರೆ, ಪ್ರಯೋಗದ ವಿವರ, ಕೋಷ್ಟಕ, ಇದರಿಂದ ಏನು ಗೊತ್ತಾಗುತ್ತೆ, ಆಧಾರ ಯಾವುದು, ಇಂಥವೇ. "ಅಮ್ಮಾ, ಇದು ಕಾರ್ಡಲ್ಲಿ ಇಲ್ವಲ್ಲ" ಅಂದಳು.

ಸಂಜೆ ಬಾಲ್ಕನಿಯ ಕರಿಬೇವು ತೋರಿಸಿ ಕೇಳಿದೆ, "ಮೂರು ವರ್ಷದಲ್ಲಿ ಇಷ್ಟೆತ್ತರ ಆಯ್ತಲ್ಲ, ಈ ತೂಕ ಎಲ್ಲಿಂದ ಬಂತು?" "ಮಣ್ಣಿಂದ." ನನ್ನ ಗಂಡನೂ ಅದನ್ನೇ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು ಅವಳೇ, "ಹಾಗಾದ್ರೆ ಕುಂಡ ಖಾಲಿ ಆಗ್ಬೇಕಿತ್ತಲ್ವಾ?"

17ನೇ ಶತಮಾನದ ವಿಜ್ಞಾನಿ ವ್ಯಾನ್ ಹೆಲ್ಮಾಂಟ್ ಕತೆ ಹೇಳಿದೆ. 200 ಪೌಂಡ್ ಮಣ್ಣಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟು, 5 ವರ್ಷ ನೀರು ಮಾತ್ರ ಹಾಕಿದ. ಮರ ಸುಮಾರು 169 ಪೌಂಡ್ ತೂಗಿತು, ಮಣ್ಣಲ್ಲಿ ಕಮ್ಮಿಯಾಗಿದ್ದು 2 ಔನ್ಸ್ ಅಷ್ಟೇ. ಎಲ್ಲ ನೀರಿಂದಲೇ ಬಂತು ಅಂದುಬಿಟ್ಟ, ಗಾಳಿಯನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. "ಅವನಿಗೂ ಫುಲ್ ಮಾರ್ಕ್ಸ್ ಬರ್ತಿರಲಿಲ್ಲ" ಅಂತ ಇವಳಿಗೆ ಭಾರೀ ಖುಷಿ. ಕ್ಯಾಲಿಫೋರ್ನಿಯಾ 2013ರಲ್ಲಿ ಒಪ್ಪಿಕೊಂಡ ವಿಜ್ಞಾನ ಮಾನದಂಡದಲ್ಲಿ 5ನೇ ಕ್ಲಾಸಿಗೆ ಇರೋದೂ ಇದೇ: ಗಿಡ ಬೆಳೆಯಲು ಬೇಕಾದ್ದು ಮುಖ್ಯವಾಗಿ ಗಾಳಿ, ನೀರಿನಿಂದ ಬರುತ್ತೆ ಅಂತ ಮಕ್ಕಳು ಆಧಾರ ಕೊಟ್ಟು ವಾದಿಸಬೇಕು.

ಗ್ರೂಪಲ್ಲಿ ಇದನ್ನ ಹಾಕಿದ್ದಕ್ಕೆ ಒಬ್ಬರು, "ನಾವೆಲ್ಲ ಉರು ಹೊಡೆದೇ ಇಂಜಿನಿಯರ್ ಆಗ್ಲಿಲ್ವೇನ್ರೀ?" ಆದ್ವಿ ಕಣ್ರೀ. ನಮ್ಮನೇಲೇ ಇಬ್ಬರಿದ್ದೀವಿ. ಕರಿಬೇವಿನ ಪ್ರಶ್ನೆಗೆ ನನ್ನ ಗಂಡನಿಗೂ ತಕ್ಷಣ ಸರಿ ಉತ್ತರ ಹೊಳೀಲಿಲ್ಲ.

ಪದಗಳು ಬೇಡ ಅಂತಲ್ಲ. ಪ್ರಶ್ನೆ ಅರ್ಥವಾಗೋಕಾದರೂ ಬೇಕು. ಆದರೆ ಸ್ಟಾಪ್‌ವಾಚ್ ಹಿಡಿದು ಓಡಿಸ್ತೀರಲ್ಲ, ಈ ಪರೀಕ್ಷೆಗೆ ಸಮಯದ ಮಿತಿಯೇ ಇಲ್ಲ! ಪರೀಕ್ಷೆ ಕಂಪ್ಯೂಟರಲ್ಲಿ, ಸ್ಕ್ರೀನಲ್ಲಿ ಎಳೆಯೋದು, ಒತ್ತೋದು ರೂಢಿಯಾಗೋಕೆ ಎರಡು ಮಧ್ಯಾಹ್ನ ಸಾಕು.

ನಿನ್ನೆ ಅಡುಗೆಮನೆ ತಕ್ಕಡಿ ಅವಳ ಕೈಗೆ ಹೋಯ್ತು. 200 ಗ್ರಾಂ ನೀರಿಗೆ 20 ಗ್ರಾಂ ಸಕ್ಕರೆ ಕದಡಿದಳು, ತೂಗಿದರೆ 218. "ಕರಗಿದ ಮೇಲೆ ತೂಕ ಕಮ್ಮಿ ಆಗುತ್ತೇನೋ" ಅಂತ ನಾನು ಸುಮ್ಮನೆ ಕೆಣಕಿದೆ. ಒದ್ದೆ ಚಮಚ ನನ್ನ ಮುಖಕ್ಕೆ ಹಿಡಿದು, "ಇದನ್ನ ತೂಗಿದ್ಯಾ?" ಅಂದಳು.