ಭಾನುವಾರದ ಮೆಗಾಬ್ಲಾಕ್

ಮುಂಬೈಯಲ್ಲಿ ಭಾನುವಾರ ಚರ್ಚಿಗೆ ಹೋಗುವವರು ಶನಿವಾರ ರಾತ್ರಿಯೇ ಎರಡು ವಿಷಯ ನೋಡಿಟ್ಟುಕೊಳ್ಳುತ್ತಾರೆ. ಒಂದು, ಇಸ್ತ್ರಿ ಮಾಡಿದ ಬಟ್ಟೆ. ಇನ್ನೊಂದು, ನಾಳೆ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗೆ ಲೋಕಲ್ ರೈಲು ತಡೆಯುವುದು, ಎಲ್ಲಿಂದ ಎಲ್ಲಿಗೆ ಅನ್ನುವುದು. ಸತ್ಯವೇದ (ಬೈಬಲ್) ಹುಡುಕುವ ಕೆಲಸವಿಲ್ಲ. ಅದು ಹೋದ ವಾರದ ಬ್ಯಾಗಿನಲ್ಲೇ ಇರುತ್ತದೆ, ಅಲ್ವಾ?

ಸೆಂಟ್ರಲ್ ಲೈನಿನಲ್ಲಿ ಮಾಟುಂಗಾ, ಮುಲುಂಡ್ ನಡುವೆ ಬ್ಲಾಕ್ ಅಂದರೆ ಫಾಸ್ಟ್ ಗಾಡಿಗಳೆಲ್ಲ ಸ್ಲೋ ಹಳಿಗೆ ಬರುತ್ತವೆ. ಹಾರ್ಬರ್ ಲೈನಿನವರ ಪಾಡು ಇನ್ನೂ ಕಷ್ಟ, ಕೆಲವು ಕಡೆ ಗಾಡಿಯೇ ಇರುವುದಿಲ್ಲ. ವೆಸ್ಟರ್ನ್ ಲೈನಿನವರು ಇದನ್ನೇ ಜಂಬೋ ಬ್ಲಾಕ್ ಅನ್ನುತ್ತಾರೆ. ಸಾಮಾನ್ಯವಾಗಿ ಹತ್ತು ಹನ್ನೊಂದಕ್ಕೆ ಶುರುವಾದರೆ ಮಧ್ಯಾಹ್ನ ಮೂರು ನಾಲ್ಕರವರೆಗೆ. ನಾವು ಆರಾಧನೆ ಮುಗಿಸಿ, ಸಭಾಪಾಲಕರ ಕೈ ಕುಲುಕಿ ಹೊರಗೆ ಬರುವುದೂ ಸರಿಯಾಗಿ ಅದೇ ಹೊತ್ತಿಗೆ. ಡೊಂಬಿವಲಿಗೆ ಮರಳುವ ನಮ್ಮ ಕನ್ನಡ ಸಭೆಯವರು ದಾದರ್ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಆಗಷ್ಟೇ ಹಾಡಿದ ಕೀರ್ತನೆ ಮರೆತು, ರೈಲ್ವೆಗೆ ಹಿಡಿಶಾಪ ಹಾಕುತ್ತಾರೆ.

ನನಗಂತೂ ಈ ಮೆಗಾಬ್ಲಾಕ್ ಮೇಲೆ ಗೌರವ ಇದೆ. ಹಳಿ ಬಿರುಕು ಬಿಟ್ಟ ಮೇಲೆ ಓಡಿ ಬರುವುದಲ್ಲ, ಮೊದಲೇ ಗಾಡಿ ತಡೆದು ಹಳಿ, ತಂತಿ, ಸಿಗ್ನಲ್ ಎಲ್ಲ ನೋಡುವುದು. ನಮಗೂ ದೇವರು ವಾರಕ್ಕೊಂದು ದಿನ ಹೀಗೆ ಬಿಡುವು ಕೊಟ್ಟಿದ್ದ. ನಾವು ಇದ್ದಬದ್ದ ಗಾಡಿಯನ್ನೆಲ್ಲ ಆ ದಿನವೇ ಬಿಟ್ಟೆವು. ಬೆಳಿಗ್ಗೆ ಸಂಡೇ ಸ್ಕೂಲ್, ಆಮೇಲೆ ಆರಾಧನೆ, ಕ್ವಾಯರ್ ಪ್ರಾಕ್ಟೀಸ್, ಸ್ತ್ರೀಯರ ಸಂಘ, ಕಮಿಟಿ ಮೀಟಿಂಗ್. ಮೀಟಿಂಗಿನಲ್ಲಿ ಜಗಳ. ಮನೆಗೆ ಬಂದರೆ ಮಟನ್ ಸಾರು ಮತ್ತು ನೆಂಟರು. ಸೋಮವಾರ ಆಫೀಸಿಗೆ ಹೋದ ಮೇಲೆಯೇ ಸ್ವಲ್ಪ ಉಸಿರು.

ರೈಲ್ವೆಯವರು ಭಾನುವಾರವನ್ನಷ್ಟೇ ನಂಬಿ ಕೂತಿಲ್ಲ. ಕೊನೆಯ ಲೋಕಲ್ ರಾತ್ರಿ ಒಂದರ ಸುಮಾರಿಗೆ, ಮೊದಲನೆಯದು ನಾಲ್ಕರ ಸುಮಾರಿಗೆ. ಆ ಸಣ್ಣ ಗ್ಯಾಪಿನಲ್ಲೂ ಕೆಲಸ ನಡೆಯುತ್ತದೆ. ಇದಲ್ಲದೆ ಕೀಮ್ಯಾನ್ ಅಂತ ಒಬ್ಬ ಇರುತ್ತಾನೆ. ಸುತ್ತಿಗೆ ಹಿಡಿದು ತನ್ನ ಪಾಲಿನ ಹಳಿಯುದ್ದಕ್ಕೂ ನಡೆಯುವುದು, ಸಡಿಲವಾದದ್ದನ್ನು ಬಿಗಿ ಮಾಡುವುದು ಅವನ ಕೆಲಸ. ಯೇಸುಸಭೆ ಎಂಬ ಕ್ಯಾಥೊಲಿಕ್ ಸನ್ಯಾಸಿಗಳ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ 16ನೇ ಶತಮಾನದಲ್ಲಿ ಹೇಳಿಕೊಟ್ಟದ್ದೂ ಹೆಚ್ಚುಕಡಿಮೆ ಇದೇ. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಸ್ವಲ್ಪ ಹೊತ್ತು ಕೂತು ದಿನವನ್ನು ತಿರುಗಿ ನೋಡಬೇಕು. ಮೊದಲು ದೇವರಿಗೆ ಥ್ಯಾಂಕ್ಸ್, ತಪ್ಪಿನ ಲೆಕ್ಕ ಆಮೇಲೆ. ಈ ಕ್ರಮ ನನಗೆ ಇಷ್ಟ. ನಮ್ಮ ಮನೆಗಳಲ್ಲಿ ತಪ್ಪೇ ಮೊದಲು, ಅದೂ ಬೇರೆಯವರದ್ದು.

ರಾತ್ರಿಯ ಕುಟುಂಬ ಪ್ರಾರ್ಥನೆಯನ್ನೇ ನೋಡಿ. ಪಕ್ಕದ ಮನೆಯ ಮರಾಠಿ ಸೀರಿಯಲ್ ಗೋಡೆ ದಾಟಿ ಬರುತ್ತಿರುತ್ತದೆ. ಮಗು ಆಕಳಿಸುತ್ತದೆ. "ದೇವರೇ, ಈ ಮನೆಯ ಕೆಲವರಿಗೆ ಒಳ್ಳೆಯ ಬುದ್ಧಿ ಕೊಡು" ಎಂದು ಹಿರಿಯರು ಶುರುಮಾಡಿದರೆ, ಆ ಕೆಲವರು ಯಾರೆಂದು ದೇವರಿಗಿಂತ ಮೊದಲು ಸೊಸೆಗೆ ಗೊತ್ತಾಗುತ್ತದೆ.

ನಮ್ಮನ್ನು ಬೇರೆಯವರು ನೋಡುವುದೂ ಬೇಕು, ಆದರೆ ಹೀಗಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥೊಡಿಸ್ಟ್ ಪಂಥದ ಕ್ರೈಸ್ತರು ಕಟ್ಟಡದ ಸಾಲ ತೀರಿಸಲು ಒಂದು ಉಪಾಯ ಮಾಡಿದರು. ಸುಮಾರು 12 ಜನರಿಗೆ ಒಬ್ಬ ನಾಯಕ. ಅವನು ಮನೆಮನೆಗೆ ಹೋಗಿ ವಾರಕ್ಕೊಂದು ಪೆನ್ನಿ ವಸೂಲಿ ಮಾಡಬೇಕು. ಹೋದಾಗ ಪೆನ್ನಿಯ ಜೊತೆ ಮನೆಯೊಳಗಿನ ಕುಡಿತ, ಗಂಡಹೆಂಡಿರ ಜಗಳವೂ ಕಣ್ಣಿಗೆ ಬಿತ್ತು. ಅವರ ಮುಂದಾಳು ಜಾನ್ ವೆಸ್ಲಿಗೆ ಬೇಕಾಗಿದ್ದೇ ಅದು. ವಸೂಲಿಯ ಗುಂಪೇ ವಾರವಾರವೂ ಕೂತು ಒಬ್ಬರ ಆತ್ಮದ ಸ್ಥಿತಿಯನ್ನು ಇನ್ನೊಬ್ಬರು ವಿಚಾರಿಸುವ ಕೂಟವಾಯಿತು. ನಮ್ಮಲ್ಲಿ ಈಗ ವಸೂಲಿ ಚೆನ್ನಾಗಿ ನಡೆಯುತ್ತಿದೆ. ವಿಚಾರಿಸುವುದು ಮಾತ್ರ ನಿಂತಿದೆ. "ಹೇಗಿದ್ದೀರಿ?" ಅಂದರೆ "ಕರ್ತನ ದಯೆಯಿಂದ ಚೆನ್ನಾಗಿದ್ದೇವೆ" ಅನ್ನುತ್ತೇವೆ. ಅಲ್ಲಿಗೆ ಕೇಳಿದವರಿಗೂ ನಿರಾಳ.

ಇನ್ನೊಂದು ಮಾತು. ಸತ್ಯವೇದದ ಸಬ್ಬತ್ತಿನ, ಅಂದರೆ ವಿಶ್ರಾಂತಿ ದಿನದ, ಆಜ್ಞೆಯನ್ನು ನಾವು ಅರ್ಧಕ್ಕೇ ನಿಲ್ಲಿಸಿಬಿಡುತ್ತೇವೆ. ನೀನು ಮಾತ್ರ ಸುಮ್ನೆ ಕೂತರೆ ಸಾಲದು, ನಿನ್ನ ಮಕ್ಕಳು, ಆಳುಗಳು, ದನಕರು, ನಿನ್ನ ಊರಲ್ಲಿರುವ ಪರದೇಶಿ, ಎಲ್ಲರಿಗೂ ಆ ದಿನ ಬಿಡುವು ಎಂದಿದೆ ಅಲ್ಲಿ. ಮುಂಬೈಯ ಫ್ಲಾಟುಗಳಲ್ಲಿ ದನಕರು ಇಲ್ಲ, ಮನೆಗೆಲಸಕ್ಕೆ ಬರುವ ಬಾಯಿ ಇದ್ದಾಳೆ. ವಿಶ್ರಾಂತಿಯ ಬಗ್ಗೆ ಪ್ರಸಂಗ ಕೇಳಿ ಬರುವ ದಾರಿಯಲ್ಲೇ ಅವಳಿಗೆ ಫೋನ್ ಹೋಗುತ್ತದೆ: ನೆಂಟರಿದ್ದಾರೆ, ಬೇಗ ಬಾ.

ನಮ್ಮ ಮನೆಯಲ್ಲಿ ಭಾನುವಾರ ಅವಳಿಗೆ ರಜಾ. ಹಾಗಾಗಿ ಪಾತ್ರೆ ಯಾರು ತೊಳೆಯಬೇಕು ಎಂಬ ಪ್ರಶ್ನೆ ಪ್ರತಿ ವಾರವೂ ಏಳುತ್ತದೆ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಮಠವೊಂದರ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್, ಪಾತ್ರೆಗಳ ಸದ್ದಿನಲ್ಲೂ ಪ್ರಾರ್ಥನೆಯ ಹೊತ್ತಿನಷ್ಟೇ ದೇವರ ಹತ್ತಿರ ಇರಬಹುದು ಎಂದು ನಂಬಿದ್ದರು. ನನ್ನ ಗಂಡನಿಗೆ ಈ ಬ್ರದರ್ ಲಾರೆನ್ಸ್ ಅಂದರೆ ಪ್ರಾಣ. ಊಟ ಮಾಡುತ್ತಾ ಅವರ ಬಗ್ಗೆ ಚೆನ್ನಾಗಿ ಮಾತಾಡುತ್ತಾರೆ, ಆಮೇಲೆ ಕೈ ತೊಳೆದು ಮಲಗಲು ಹೋಗುತ್ತಾರೆ.