ಫಾಗಿ ಸತ್ತ ಸುದ್ದಿ ಹೇಳಿದ್ದಕ್ಕೆ

2025ರ ಮಾರ್ಚ್ 5ರ ಮಧ್ಯಾಹ್ನ, ಅಮೆರಿಕದ ಜೆರ್ಸಿ ಸಿಟಿಯ ನಮ್ಮ ಕಚೇರಿಯ ಊಟದ ಕೋಣೆಯಲ್ಲಿ ಡಬ್ಬಿ ಬಿಚ್ಚುತ್ತ ನಾನು, ‘ಪಾಪ, ಫಾಗಿ ಹಾಗೆ ಸಾಯಬಾರದಿತ್ತು’ ಎಂದೆ. ಎದುರಿಗೆ ಕುಳಿತಿದ್ದ ಸಹೋದ್ಯೋಗಿ ಅರ್ಧ ಉಂಡ ಊಟವನ್ನು ಮುಚ್ಚಿಕೊಂಡು ಎದ್ದುಹೋದವನು ಆ ವಾರವೆಲ್ಲ ಕೆಲಸದ ಮಾತಿನ ಹೊರತು ನನ್ನೊಡನೆ ಇನ್ನೇನನ್ನೂ ಆಡಲಿಲ್ಲ. ಹಿಂದಿನ ರಾತ್ರಿ ಒಂಬತ್ತಕ್ಕೆ ‘ಡೇರ್‌ಡೆವಿಲ್: ಬಾರ್ನ್ ಅಗೇನ್’ ಎಂಬ ಟೀವಿ ಸರಣಿಯ ಮೊದಲೆರಡು ಕಂತುಗಳು ಬಿಡುಗಡೆಯಾಗಿದ್ದವು, ಫಾಗಿ ಅದರದೊಂದು ಪಾತ್ರ, ಸಹೋದ್ಯೋಗಿ ಆ ಕಂತುಗಳನ್ನು ಶನಿವಾರಕ್ಕೆಂದು ಎತ್ತಿಟ್ಟುಕೊಂಡಿದ್ದನಂತೆ. ಇದನ್ನು ಕೂಡ ಅವನು ಹೇಳಲಿಲ್ಲ. ಇನ್ನೊಬ್ಬರು ನನ್ನ ಮೇಜಿನ ಬಳಿ ಬಂದು, ಇಲ್ಲಿ ಯಾರೂ ಹಾಗೆ ಬಾಯಿಬಿಡುವುದಿಲ್ಲವೆಂದು ಚಿಕ್ಕ ಮಗುವಿಗೆ ಹೇಳುವಂತೆ ತಿಳಿಸಿ ಹೋದರು.

ಸರಣಿಯ ನಾಯಕ ಮ್ಯಾಟ್ ಮರ್ಡಾಕ್ ಕಣ್ಣು ಕಾಣದ, ಆದರೆ ದೂರದ ಎದೆಬಡಿತವೂ ಕೇಳಿಸುವಷ್ಟು ಕಿವಿ ಚುರುಕಾದ ವಕೀಲ, ರಾತ್ರಿ ಕೆಂಪು ಉಡುಗೆ ತೊಟ್ಟು ನಮ್ಮ ಹಡ್ಸನ್ ನದಿಯ ಆಚೆ ದಡದ ನ್ಯೂಯಾರ್ಕಿನ ಹೆಲ್ಸ್ ಕಿಚನ್ ಬಡಾವಣೆಯನ್ನು ಕಾಯುವವನು. ಫಾಗಿ ನೆಲ್ಸನ್ ಆತನ ಪಾಲುದಾರ ವಕೀಲ, ಜೀವದ ಗೆಳೆಯ. 2015ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಶುರುವಾದ, ಇದೇ ಪಾತ್ರಗಳ ಹಳೆಯ ‘ಡೇರ್‌ಡೆವಿಲ್’ ಸರಣಿ ಮೂರು ಸೀಸನ್‌ಗಳಲ್ಲಿ 39 ಕಂತು ನಡೆದು 2018ರಲ್ಲಿ ನಿಂತಾಗ ಅಭಿಮಾನಿಗಳು ವರ್ಷಗಟ್ಟಲೆ ಹುಯಿಲಿಟ್ಟಿದ್ದರು. ಹೊಸ ಸರಣಿಯ ಮೊದಲ ಯೋಜನೆಯಲ್ಲಿ ಫಾಗಿಗೆ ಜಾಗವೇ ಇರಲಿಲ್ಲ. 2023ರ ಹಾಲಿವುಡ್ ಮುಷ್ಕರದ ಹೊತ್ತಿಗೆ ಚಿತ್ರೀಕರಣ ನಿಂತು, ಆಮೇಲೆ ಕಥೆಯನ್ನು ಮತ್ತೆ ಕಟ್ಟಿದಾಗ ಆ ಪಾತ್ರದ ಎಲ್ಡನ್ ಹೆನ್ಸನ್ ಮರಳಿ ಬಂದರು. ಬಂದವರನ್ನು ಮೊದಲ ಕಂತಿನ ಮೊದಲ ಕಾಲು ಗಂಟೆಯೊಳಗೇ, ಸದಾ ಕೂರುತ್ತಿದ್ದ ಜೋಸೀಸ್ ಬಾರಿನ ಎದುರು, ಬುಲ್ಸ್‌ಐ ಎಂಬುವನ ಗುಂಡಿಗೆ ಬಲಿ ಕೊಟ್ಟರು. ಕಾದಾಟ ಬಾರಿನೊಳಗಿಂದ ಮೆಟ್ಟಿಲೇರಿ ಮಾಳಿಗೆಗೆ ಹೋಗುತ್ತದೆ, ಆದರೆ ಮ್ಯಾಟ್‌ನ ಕಿವಿ ಮಾತ್ರ ಕೆಳಗೆ ಬೀದಿಯಲ್ಲಿ ಬಿದ್ದಿರುವ ಗೆಳೆಯನ ಎದೆಬಡಿತದ ಮೇಲೆಯೇ ಇರುತ್ತದೆ. ಅದು ನಿಂತಾಗ ಆತ ಹಂತಕನನ್ನು ಮಾಳಿಗೆಯಿಂದ ಕೆಳಕ್ಕೆ ತಳ್ಳುತ್ತಾನೆ. (ಇನ್ನೂ ನೋಡದವರು ಸಿಟ್ಟಾದರೆ ಆಗಲಿ, ಅವರ ಸಿಟ್ಟೇ ಈ ಬರಹದ ವಿಷಯ.)

ಸಾಯಿಸುವುದಕ್ಕೆಂದೇ ಕರೆಸಿಕೊಂಡರು, ನಾಯಕನಿಗೆ ನೋವು ಬೇಕಿತ್ತೆಂದು ಗೆಳೆಯನನ್ನು ಕೊಂದರು ಎಂದು ಇಲ್ಲಿಯ ಅಭಿಮಾನಿಗಳಲ್ಲಿ ಒಂದು ಗುಂಪು ಕುದಿಯಿತು. ಈ ಪೆಟ್ಟು ಬೀಳದಿದ್ದರೆ ಮ್ಯಾಟ್ ಮುಖವಾಡ ಕಳಚಿಟ್ಟು ಒಂದು ವರ್ಷ ಬರೀ ವಕೀಲನಾಗಿ ಉಳಿಯುವುದಕ್ಕೆ ಅರ್ಥವೇ ಇರುತ್ತಿರಲಿಲ್ಲವೆಂದು ಇನ್ನೊಂದು ಗುಂಪು ವಾದಿಸಿತು. ವಾದವೇನೋ ಚೆನ್ನಾಗಿತ್ತು. ಆದರೆ ಅದಕ್ಕೆ ಬಾಯಿ ಹಾಕುವ ಮೊದಲು ಸುತ್ತ ಯಾರಿದ್ದಾರೆಂದು ನೋಡಿ, ನೋಡಿದೆಯಾ ಇಲ್ಲವಾ ಎಂದು ಪ್ರತಿಯೊಬ್ಬರನ್ನೂ ಕೇಳಿ, ದನಿ ತಗ್ಗಿಸಿ ಆಡಬೇಕಾಗಿತ್ತು. ಸತ್ತವನಿಗಾಗಿ ಮರುಗುವುದಕ್ಕೂ ಅಪ್ಪಣೆ ಪಡೆಯಬೇಕಾದ ಈ ಶಿಸ್ತು ನನಗೆ ಇಂದಿಗೂ ಒಗ್ಗಿಲ್ಲ.

ನನಗೆ ಆ ಸುದ್ದಿ ಹೇಳಿದವನು ಬಳ್ಳಾರಿಯಲ್ಲಿ ಕಾಲೇಜು ಓದುವ ನನ್ನ ಅಕ್ಕನ ಮಗ. ಇಲ್ಲಿ ರಾತ್ರಿ ಒಂಬತ್ತಾದಾಗ ಅಲ್ಲಿ ಬೆಳಿಗ್ಗೆ ಏಳೂವರೆ. ನಾನು ಉಂಡು ಟೀವಿ ಹಚ್ಚುವ ಮೊದಲೇ ಅವನ ಫೋನು ಬಂತು: ‘ಮಾಮಾ, ಫಾಗಿ ಸತ್ತ. ಸತ್ತಿದ್ದು ಬಿಡು, ಹೆಂಗ ಸತ್ತ ಅನ್ನಾದು ನೋಡು.’ ಅಷ್ಟರಲ್ಲಾಗಲೇ ಅವನು ಗೆಳೆಯರಿಗೆಲ್ಲ ಹೇಳಿದ್ದ, ಅಡುಗೆಮನೆಯಲ್ಲಿದ್ದ ಅವ್ವನಿಗೂ ಹೇಳಿದ್ದ. ಆ ಸರಣಿಯ ಒಂದು ದೃಶ್ಯವನ್ನೂ ಕಾಣದ ಅವ್ವ, ‘ಕಣ್ಣಿಲ್ಲದಾತನ ಕೈಕೋಲು ಮುರದಂಗಾತಲ್ಲೋ’ ಎಂದಳಂತೆ. ಇಲ್ಲಿ ವಾರವೆಲ್ಲ ನಡೆದ ಚರ್ಚೆಯಲ್ಲಿ ನಾನು ಇದಕ್ಕಿಂತ ಒಳ್ಳೆಯ ವಿಮರ್ಶೆ ಕೇಳಲಿಲ್ಲ. ಕಥೆ ಪೂರ್ತಿ ಕೇಳಿಸಿಕೊಂಡಿದ್ದ ಆ ಗೆಳೆಯರೆಲ್ಲ ಸಂಜೆ ನಮ್ಮ ಅಕ್ಕನ ಮನೆಯಲ್ಲೇ ಸೇರಿ, ಮಂಡಕ್ಕಿ ಒಗ್ಗರಣೆ ತಿನ್ನುತ್ತ ಅದೇ ಕಂತನ್ನು ನೋಡಿದರು. ನಾನೂ ಗೊತ್ತಿದ್ದುಕೊಂಡೇ ನೋಡಿದೆ, ಗೊತ್ತಿದ್ದುದರಿಂದಲೇ ಆ ಎದೆಬಡಿತ ಯಾವ ಹೊತ್ತಿಗೆ ಕುಂದತೊಡಗುತ್ತದೆಂದು ಮೊದಲಿನಿಂದ ಕಿವಿಗೊಟ್ಟು ಕೂತೆ.

ಸಿರುಗುಪ್ಪದ ಹತ್ತಿರದ ನಮ್ಮೂರಿನಲ್ಲಿ ಜಾತ್ರೆಯ ರಾತ್ರಿ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಆಡುತ್ತಿದ್ದರು. ಅಶ್ವತ್ಥಾಮ ಉಪಪಾಂಡವರನ್ನು ಕೊಲ್ಲುತ್ತಾನೆಂಬುದು ಚಾಪೆಯ ಮೇಲೆ ಮಲಗಿದ್ದ ಕೂಸುಗಳಿಗೂ ಗೊತ್ತಿತ್ತು. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಅವರ ದ್ರೌಪದಿಯನ್ನು ಕಂಡವರಂತೂ ಯಾವ ಮಾತಿಗೆ ಅವರ ದನಿ ಒಡೆಯುತ್ತಿತ್ತೆಂಬುದನ್ನು ಮೊದಲೇ ಹೇಳುತ್ತಿದ್ದರು. ನಮ್ಮೂರ ನಾಟಕದಲ್ಲಿ ಕೊಲೆಯ ದೃಶ್ಯಕ್ಕೆ ಮುನ್ನ ಹಾರ್ಮೋನಿಯಂ ಒಂದು ಸುತ್ತು ಎಳೆಯುತ್ತಿತ್ತು, ಬೀಡಿ ಸೇದಲು ಹೋದವರು ಆ ಸದ್ದಿಗೆ ಓಡಿಬಂದು ಕೂರುತ್ತಿದ್ದರು. ದ್ರೌಪದಿಯ ಗೋಳಿನ ನಡುವೆಯೇ ಯಾರಾದರೂ ವೇದಿಕೆ ಹತ್ತಿ ಅಶ್ವತ್ಥಾಮನ ಅಂಗಿಗೆ ನೂರರ ನೋಟು ಪಿನ್ನು ಮಾಡುತ್ತಿದ್ದರು. ಮೈಕಿನಲ್ಲಿ ಕೊಟ್ಟವರ ಹೆಸರು, ಅವರ ತಂದೆಯ ಹೆಸರು, ಓಣಿಯ ಹೆಸರು ಎಲ್ಲ ಹೇಳಿ ಮುಗಿಯುವವರೆಗೆ ದ್ರೌಪದಿ ಸೆರಗು ಬಾಯಿಗಿಟ್ಟುಕೊಂಡು ಕಾದಿದ್ದು, ಆಮೇಲೆ ಬಿಟ್ಟಲ್ಲಿಂದಲೇ ಅಳು ಎತ್ತಿಕೊಳ್ಳುತ್ತಿದ್ದಳು. ಮುಂದಿನ ಸಾಲಿನ ಹೆಂಗಸರು ಅವಳ ಜೊತೆಗೇ ಅಳುತ್ತಿದ್ದರು. ಕಥೆ ಮೊದಲೇ ಗೊತ್ತಾಗಿ ಆಟ ಕೆಟ್ಟಿತೆಂದು ಯಾರೂ ಅಂದದ್ದನ್ನು ನಾನು ಕೇಳಿಲ್ಲ. ಪಾತ್ರಧಾರಿ ಮಾತು ಮರೆತಾಗ ಮಾತ್ರ ಆಟ ಕೆಡುತ್ತಿತ್ತು, ಆಗಲೂ ಕೆಳಗಿನಿಂದ ಯಾರೋ ಒಬ್ಬರು ಎತ್ತಿಕೊಡುತ್ತಿದ್ದರು.

ಹೀಗೆ ಬೆಳೆದವನಿಗೆ, ಒಬ್ಬರ ಬಾಯಿಂದ ಬಿದ್ದ ಒಂದು ಮಾತಿಗೆ ಮುರಿದುಬೀಳುವಷ್ಟು ಒಂದು ಸಾವಿನ ದೃಶ್ಯ ತೆಳುವಾಗಿರಬಲ್ಲದು ಎಂಬುದನ್ನು ನಂಬುವುದು ಕಷ್ಟ. ಆ ದೃಶ್ಯವಂತೂ ತೆಳುವಾಗಿರಲಿಲ್ಲ. ಎರಡನೆಯ ಸಲ ನೋಡಿದಾಗಲೂ ನನ್ನ ಗಂಟಲು ಕಟ್ಟಿತು. ಹಾಗಾದರೆ ನನ್ನ ಸಹೋದ್ಯೋಗಿ ಕಳೆದುಕೊಂಡದ್ದೇನು?

ಇಲ್ಲಿ ಒಂದು ಮಾತನ್ನು ಒಪ್ಪಬೇಕಾಗುತ್ತದೆ. ದ್ರೌಪದಿಯ ಮಕ್ಕಳಿಗಾಗಿ ಅಳುವುದನ್ನು ನಮಗೆ ಹಿರಿಯರು ಕಲಿಸಿಕೊಟ್ಟಿದ್ದಾರೆ. ಫಾಗಿಗಾಗಿ ಹೇಗೆ ಅಳಬೇಕೆಂದು ಆತನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹತ್ತು ವರ್ಷ ಕಂಡ ಮನುಷ್ಯನ ಸಾವು ಮ್ಯಾಟ್‌ನ ಕಿವಿಗೆ ಬಿದ್ದ ಕ್ಷಣದಲ್ಲೇ ತನಗೂ ತಿಳಿಯಬೇಕೆಂದು ಆತ ಬಯಸಿದ್ದರೆ ಅದನ್ನು ಬರೀ ಬಿಂಕವೆನ್ನಲು ನನ್ನಿಂದಾಗದು. ನಮ್ಮ ಕಡೆಯ ಉದಾರತೆಯೂ ಈಗ ಮೊದಲಿನಂತೆ ಉಳಿದಿಲ್ಲ. ಸಿನಿಮಾದ ಮೊದಲ ದಿನದ ಮೊದಲ ಆಟಕ್ಕೇ ಫೋನು ಎತ್ತಿ ಹಿಡಿದು, ಕೊನೆಯ ದೃಶ್ಯವನ್ನು ಚಿತ್ರೀಕರಿಸಿ ಸ್ಟೇಟಸ್ಸಿಗೆ ಹಾಕುವವರನ್ನು ‘ಹೆಂಗ ಸತ್ತ ನೋಡು’ ಎನ್ನುವ ನನ್ನ ಅಳಿಯನ ಸಾಲಿಗೆ ಸೇರಿಸಲಾರೆ. ಅವರು ತೋರಿಸುವ ಆ ಅಲುಗಾಡುವ ಅರ್ಧ ನಿಮಿಷದಲ್ಲಿ ಹೇಗೆ ಎಂಬುದಕ್ಕೆ ಜಾಗವಿಲ್ಲ.

ಹೋದ ಸಲ ಊರಿಗೆ ಹೋಗಿದ್ದಾಗ ಜಾತ್ರೆಯ ನಾಟಕಕ್ಕೂ ಕೂತಿದ್ದೆ. ಹಾರ್ಮೋನಿಯಂ ಆ ಸುತ್ತು ಎಳೆದಾಗ ನನ್ನ ಪಕ್ಕದ ಹುಡುಗರು ತಲೆ ಎತ್ತಲಿಲ್ಲ, ಫೋನಿನಲ್ಲಿ ರೀಲ್ಸ್ ಸರಿಸುತ್ತಿದ್ದರು. ಕಥೆ ಗೊತ್ತಲ್ಲ ಅಣ್ಣ, ಏನು ನೋಡೋದು ಎಂದು ಒಬ್ಬ ನನ್ನನ್ನೇ ಕೇಳಿದ. ಜೆರ್ಸಿ ಸಿಟಿಯ ಆ ಸಹೋದ್ಯೋಗಿಯಾದರೋ, ಸಾವು ಮೊದಲೇ ಗೊತ್ತಾಗಿದ್ದರೂ, ಶನಿವಾರ ಎರಡೂ ಕಂತುಗಳನ್ನು ಬಿಡದೆ ನೋಡಿದನಂತೆ.