ಸತ್ಯಾಂಶ: ಚಳಿಗೆಂದು ಡೀಸೆಲ್‌ಗೆ ಪೆಟ್ರೋಲ್ ಬೆರೆಸಬೇಡಿ

‘ಬೆಳಗಿನ ಚಳಿಗೆ ಪಿಕಪ್ ಗಡಗಡ ಅಂದರೆ ಟ್ಯಾಂಕಿಗೆ 2 ಲೀಟರ್ ಪೆಟ್ರೋಲ್ ಸುರಿಯಿರಿ’ ಎಂಬ ವಾಟ್ಸಾಪ್ ಸಂದೇಶವನ್ನು ಬೀದರ್‌ನ ಗಾಡಿಯವರು ದಯವಿಟ್ಟು ನಂಬಬೇಡಿ. ಡೀಸೆಲ್ ಪಂಪು, ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆ ಡೀಸೆಲಿನ ಜಿಡ್ಡೇ ಆಧಾರ. ಪೆಟ್ರೋಲ್ ಸೇರಿದರೆ ಅವು ಸವೆಯುತ್ತವೆ, ಬೆಂಕಿಯ ಭಯವೂ ಹೆಚ್ಚು. ಮೇಲಾಗಿ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿದಾಗ ಏಳುವ ಬಿಸಿಗೆ ಪೆಟ್ರೋಲ್ ಡೀಸೆಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ತಣ್ಣಗಿನ ಎಂಜಿನ್ ಇನ್ನಷ್ಟು ಒದ್ದಾಡುತ್ತದೆ.

ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವಾಗ ಒಂದೊಂದು ಸಿಲಿಂಡರನ್ನೂ ಬಿಸಿಮಾಡುವ ಪ್ಲಗ್) ಇರುವ ಗಾಡಿಯಾದರೆ ಮೊದಲು ಅದನ್ನೇ ನೋಡಿಸಿ. ನಾಲ್ಕರಲ್ಲಿ ಒಂದು ಸತ್ತಿದ್ದರೂ ಆ ಸಿಲಿಂಡರ್ ಬಿಸಿಯಾಗುವವರೆಗೆ ಸರಿಯಾಗಿ ಉರಿಯದೆ ಮಿಸ್ಸಿಂಗ್ ಹೊಡೆಯಬಹುದು; ಸೈಲೆನ್ಸರಿನಿಂದ ಕಣ್ಣುರಿಸುವ ಬಿಳಿ ಹೊಗೆ, ಸುಡದ ಹಸಿ ಡೀಸೆಲಿನ ವಾಸನೆ. ಎಲೆಕ್ಟ್ರಿಷಿಯನ್ ಮೀಟರ್ ಇಟ್ಟರೆ ಐದೇ ನಿಮಿಷದ ಕೆಲಸ. ಪ್ಲಗ್ಗುಗಳೆಲ್ಲ ಸರಿಯಿದ್ದರೆ ಡೀಸೆಲ್ ಪೈಪಿನ ಜಾಯಿಂಟು, ಫಿಲ್ಟರ್ ಬುಡ ಒದ್ದೆಯಾಗಿದೆಯೇ ಎಂದು ಬೆರಳಾಡಿಸಿ. ಒದ್ದೆಯಿದ್ದರೆ, ರಾತ್ರಿಯಿಡೀ ನಿಂತ ಗಾಡಿಯ ಡೀಸೆಲ್ ಪೈಪಿಗೆ ಅಲ್ಲಿಂದಲೇ ಗಾಳಿ ಸೇರಿರಬಹುದು.